ಆಡಿನ ಹಾಲು ಕುಡಿದ ಕುರಿಗಳು

ಅಮೋಘಸಿದ್ದನ ಹಿಂಡಿನಲ್ಲಿ ಮೂರು ಕುರಿಗಳಿವೆ. ನೋಡಲು ಉಳಿದವುಗಳ ಹಾಗೆಯೇ ಕರಿ ಉಣ್ಣೆಯ ಕುರಿಗಳು, ನಡತೆ ಮಾತ್ರ ಪೂರಾ ಆಡಿನದು. ಕುರಿ ಎಂದ ಮೇಲೆ ತಲೆ ತಗ್ಗಿಸಿ, ಮುಂದಿನದರ ಬಾಲ ನೋಡುತ್ತ ನಡೆಯಬೇಕು. ಇವು ಬೇಲಿ ಕಂಡರೆ ಮುಂಗಾಲೆತ್ತಿ ನಿಲ್ಲುತ್ತವೆ, ಜಾಲಿಯ ಕೊಂಬೆಗೆ ಬಾಯಿ ಹಾಕುತ್ತವೆ, ಬಾಗಿಲು ತೆರೆದಿದ್ದರೆ ಯಾರ ಮನೆಯೆಂದೂ ಕೇಳದೆ ಒಳಗೆ ನುಗ್ಗುತ್ತವೆ. ಮಣ್ಣೂರು ಹತ್ತಿರ ಬಂತೆಂದರೆ ಅವುಗಳನ್ನು ತಡೆಯುವುದು ಯಾರ ಕೈಯಲ್ಲೂ ಆಗದು. ಈ ಮೂರರ ದೆಸೆಯಿಂದ ಅವನು ಎರಡು ವರ್ಷ ಇಡೀ ಹಿಂಡನ್ನು ಹೊಡೆದುಕೊಂಡು ಮಣ್ಣೂರನ್ನು ಬಳಸಿ, ಎರಡು ದಿನದ ಸುತ್ತುದಾರಿ ಹಿಡಿದ. ಕೇಳಿದವರಿಗೆ ಆ ಕಡೆ ಮೇವು ಚಲೋ ಇದೆ ಎನ್ನುತ್ತಿದ್ದ. ಮೇವೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಜೇವರ್ಗಿ ಕಡೆಯ ಕುರುಬ ಅವನು. ವಯಸ್ಸು ಅರವತ್ತರ ಹತ್ತಿರ. ದಸರಾ ಮುಗಿಯುತ್ತಲೂ ಹೆಂಡತಿ ಹೀರಾಬಾಯಿಯ ಜೊತೆ, ಬಲೆ ಬುಟ್ಟಿಗಳನ್ನು ಕುದುರೆಯ ಮೇಲೆ ಹೇರಿಕೊಂಡು ಊರು ಬಿಡುತ್ತಾನೆ. ಆಳಂದ ಸೀಮೆಗೆ ಏರಿ, ಭೂಸನೂರಿನ ಸುತ್ತ ಕಬ್ಬು ಕಡಿದ ಹೊಲಗಳಲ್ಲಿ ಮೇಯಿಸಿ, ಬಿಸಿಲು ಬಲಿಯುವಾಗ ಭೀಮೆಯ ದಂಡೆಗೆ ಇಳಿಯುತ್ತಾನೆ. ಎಲ್ಲಿ ಇಳಿದರೂ ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿ ಅವನ ಕುರಿ ತರುಬಿಸಿಕೊಳ್ಳಲು ಮೊದಲೇ ಹೇಳಿ ಇಟ್ಟಿರುತ್ತಿದ್ದರು. ಗೊಬ್ಬರ ಎಲ್ಲ ಕುರಿಯೂ ಹಾಕುತ್ತದೆ, ಆದರೆ ಅಮೋಘಸಿದ್ದನ ಹಿಂಡಿನಲ್ಲಿ ರೋಗರುಜಿನ ಇರುವುದಿಲ್ಲ, ಅವನ ಮಾತಿನಲ್ಲಿ ಸುಳ್ಳಿರುವುದಿಲ್ಲ ಎಂಬುದು ಮೂರೂ ತಾಲೂಕಿನಲ್ಲಿ ಹರಡಿದ್ದ ಹೆಸರು. ಆ ಹೆಸರಿನ ಮೇಲೆ ಅವನಿಗೆ ತುಸು ಹೆಚ್ಚೇ ಮೋಹವಿತ್ತು. ಕೆಟ್ಟಿದ್ದೇ ಅದರಿಂದ.

ಭೀಮೆಯ ದಂಡೆಯ ಮಣ್ಣೂರಿನಲ್ಲಿ, ಹೊಳೆಯ ಕಡೆಯ ಓಣಿಯಲ್ಲಿ ಖಾಸೀಂಬಿಯ ಮನೆ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಇದ್ದದ್ದು ಎಂಟು ಆಡು. ಅವುಗಳ ಜೊತೆ ಓಣಿಯ ಆರು ಮನೆಗಳ ಆಡುಗಳನ್ನೂ ದಿನಾ ಹೊಡೆದುಕೊಂಡು ಹೋಗಿ ಮೇಯಿಸಿ ತರುತ್ತಿದ್ದಳು. ಅವಳಿಗೂ ಅಮೋಘಸಿದ್ದನಿಗೂ ಹದಿನಾಲ್ಕು ವರ್ಷದ ಬಳಕೆ. ಈದಾಗ ತಾಯಿ ಸತ್ತ ಮರಿ, ಅವಳಿ ಹುಟ್ಟಿ ಹಾಲು ಸಾಲದ ಮರಿ, ಇಂಥವನ್ನು ಹಿಂಡಿನ ಜೊತೆ ನಡೆಸಲಾಗದು, ದಾರಿಯಲ್ಲೇ ಸಾಯುತ್ತವೆ. ಅವುಗಳನ್ನು ಅವನು ಬುಟ್ಟಿಯಲ್ಲಿ ತಂದು ಖಾಸೀಂಬಿಯ ಅಂಗಳದಲ್ಲಿ ಇಳಿಸುತ್ತಿದ್ದ. ಅವಳು ಆಡಿನ ಕಾಲು ಹಿಡಿದು, ಬೈದು, ಸಮಾಧಾನ ಹೇಳಿ ಮರಿಗೆ ಮೊಲೆ ಕುಡಿಸುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಅವನು ಹೊಳೆ ದಾಟಿ ಊರಿಗೆ ಮರಳುವಾಗ ಮರಿಗಳು ಗುಂಡಗೆ ಬೆಳೆದು ನಿಂತಿರುತ್ತಿದ್ದವು. ಇದಕ್ಕೆ ಇಷ್ಟೆಂದು ಗೊತ್ತುಪಡಿಸಿದ್ದಿಲ್ಲ. ಒಂದು ವರ್ಷ ಬಕ್ರೀದಿಗೆ ಒಂದು ಟಗರು ಬಿಟ್ಟುಹೋಗುತ್ತಿದ್ದ, ಇನ್ನೊಂದು ವರ್ಷ ಒಂದು ಕಂಬಳಿ. ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು. ಬಾಯಿಮಾತಿಗಲ್ಲ, ಅವಳ ಸ್ವಂತ ಅಣ್ಣಂದಿರು ಅವಳ ಮನೆಗೆ ಬಂದದ್ದಕ್ಕಿಂತ ಹೆಚ್ಚು ಸಲ ಇವನೇ ಬಂದಿದ್ದ.

ಆ ವರ್ಷ ಅಮೋಘಸಿದ್ದನ ಊರಲ್ಲಿ ಆಡುಕುರಿಗೆ ಅಂಟುವ ಹಿರೇಬೇನೆಯ ಚುಚ್ಚುಮದ್ದು ಹಾಕುವವರು ಬಂದಾಗ ಹಿಂಡು ಹೊರಗಿತ್ತು. ಆಳಂದದಲ್ಲಿ ಹಾಕಿಸಿಕೋ ಎಂದು ಹೀರಾಬಾಯಿ ಎರಡು ಸಲ ಹೇಳಿದಳು. ಕುರಿಗಳು ಗಬ್ಬವಿದ್ದವು. ಸೂಜಿ ಚುಚ್ಚಿದರೆ ಜ್ವರ ಬಂದು ಗಬ್ಬ ಹೋಗುತ್ತದೆ, ಈದ ಮೇಲೆ ನೋಡೋಣ ಎಂದ. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದ. ಈದ ಮೇಲೆ ನೋಡುವುದಕ್ಕೆ ಬೇನೆ ಕಾಯಲಿಲ್ಲ. ಭೂಸನೂರಿನ ಆಚೆಯ ಹೊಲದಲ್ಲಿ ತರುಬಿದ್ದಾಗ ಒಂದು ಕುರಿಯ ಕಣ್ಣು ಮೂಗು ಸುರಿಯತೊಡಗಿತು. ಆಮೇಲೆ ಬಾಯಿ ಹುಣ್ಣಾಗಿ, ಉಚ್ಚಿಕೊಂಡು, ಐದನೆಯ ದಿನಕ್ಕೆ ಸತ್ತಿತು. ಅದರ ಹಿಂದೆ ಇನ್ನೂ ಸತ್ತವು. ಆಗಷ್ಟೇ ಈದವುಗಳ ನಾಲ್ಕು ಮರಿಗಳು ತಬ್ಬಲಿಯಾಗಿ ಉಳಿದವು. ಅವು ಇನ್ನೂ ಚಂಗನೆ ಜಿಗಿಯುತ್ತಿದ್ದವು.

"ಊರಿಗಿ ಸುದ್ದಿ ಹೇಳ್ರಿ. ಡಾಕ್ಟರನ್ನ ಕರಸ್ರಿ" ಎಂದಳು ಹೀರಾಬಾಯಿ.

"ಹೇಳಿದ ಮ್ಯಾಲ ಯಾವ ಮಗ ಹೊಲದಾಗ ಕಾಲಿಡಾಕ ಬಿಡ್ತಾನ? ಬಾಯಿ ಮುಚ್ಚಿಕೊಂಡಿರು. ನಾಕು ದಿನಕ್ಕ ಇಳೀತದ."

"ಈ ಮರಿ?"

"ಮರಿಗಿ ಏನಾಗ್ಯದ? ಜಿಗೀಲಾಕತ್ತಾವ ನೋಡು. ಖಾಸೀಂಬಿ ಇದ್ದಾಳಲ್ಲ."

ಸತ್ತವನ್ನು ಹೂಳಿ, ಹಿಂಡನ್ನು ಹೀರಾಬಾಯಿಯ ಕೈಗೆ ಬಿಟ್ಟು, ಅವನು ಒಬ್ಬನೇ ಬಸ್ಸು ಹತ್ತಿ ಅಫಜಲಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮರಿಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣೂರಿಗೆ ಬಂದ. ಮರಿಗಳ ಮೇಲಿನ ಮಮತೆಯಲ್ಲಿ ಅವನು ಕಪಟ ಮಾಡಿರಲಿಲ್ಲ. ದಾರಿಯುದ್ದಕ್ಕೂ ಅವುಗಳ ಬಾಯಿಗೆ ಹಾಲಿನ ಬಟ್ಟೆ ಹಿಂಡುತ್ತ ಬಂದಿದ್ದ.

"ಒಮ್ಮೆಲೆ ನಾಕ? ತಾಯಿಗೋಳು ಏನಾದ್ವು ಅಣ್ಣಾ?" ಎಂದು ಕೇಳಿದಳು ಖಾಸೀಂಬಿ.

"ತ್ವಾಳ ಬಿದ್ದಿತ್ತು, ತಂಗಿ" ಎಂದ.

ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಖಾಸೀಂಬಿ ತೋಳಕ್ಕೆ ಶಾಪ ಹಾಕಿ, ಮರಿಗಳನ್ನು ಮಡಿಲಿಗೆ ಹಾಕಿಕೊಂಡಳು. ಈ ಸಲ ಹಾಲು ಕಡಿಮೆ ಬೀಳಬಾರದೆಂದು ಹೋದ ವಾರವಷ್ಟೇ ಅಫಜಲಪುರದ ಸಂತೆಯಿಂದ ಹೊಸದೊಂದು ಹಾಲಾಡು ತಂದಿದ್ದೇನೆಂದು ತೋರಿಸಿದಳು. ಚಾ ಮಾಡಿಕೊಟ್ಟಳು. ಅವನು ಕುಡಿದ.

ಆಡಿಗೆ ಈ ಬೇನೆ ಕುರಿಗಿಂತ ಕ್ರೂರ. ವಾರ ತುಂಬುವುದರೊಳಗೆ ಸಂತೆಯ ಆಡು ಮೊದಲು ಕೆಮ್ಮಿತು, ಏಕೆಂದರೆ ಹೆಚ್ಚು ಹಾಲಿದ್ದ ಅದಕ್ಕೇ ಮರಿಗಳು ಹೆಚ್ಚು ಜೋತುಬಿದ್ದಿದ್ದವು. ಆಮೇಲೆ ಖಾಸೀಂಬಿಯ ಎಂಟೂ ಮಲಗಿದವು. ಅವು ಆರು ಮನೆಗಳ ಆಡಿನ ಜೊತೆ ಮೇಯುತ್ತಿದ್ದವಲ್ಲ, ಆ ಮನೆಗಳಿಗೂ ಹೊಕ್ಕಿತು. ಪಶು ಡಾಕ್ಟರು ಬಂದು ನೋಡಿ, ಹೊರಗಿನ ಜಾನುವಾರು ಏನಾದರೂ ತಂದೆಯೇನಮ್ಮಾ ಎಂದು ಕೇಳಿದರು. ಸಂತೆಯ ಆಡು ಎಂದಳು ಖಾಸೀಂಬಿ. ಮರಿಗಳ ನೆನಪು ಅವಳಿಗೆ ಬರಲೇ ಇಲ್ಲ. ಅವು ಹೊರಗಿನವು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹಾಗಾದರೆ ಅದರಿಂದಲೇ ಬಂದಿರಬೇಕು ಎಂದ ಡಾಕ್ಟರು ಉಳಿದಷ್ಟಕ್ಕೆ ಔಷಧ ಕೊಟ್ಟು ಹೋದರು. ಅವಳನ್ನು ದೂರಲು ಓಣಿಗೆ ಅಷ್ಟು ಸಾಕಾಯಿತು.

ಅಮೋಘಸಿದ್ದನ ಹಿಂಡಿನಲ್ಲಿ ಬೇನೆ ಮೂವತ್ತು ಕುರಿಗಳನ್ನು ತಿಂದು ತಣ್ಣಗಾಯಿತು. ಮಣ್ಣೂರಿನ ಸುದ್ದಿ ಅವನಿಗೆ ದಾರಿಯಲ್ಲೇ ತಿಳಿಯಿತು. ತಿಳಿದ ದಿನ ಉಣ್ಣಲಿಲ್ಲ. ಹೋಗಿ ಹೇಳಿಬಿಡುತ್ತೇನೆ ಎಂದು ಹೀರಾಬಾಯಿಯ ಮುಂದೆ ಆಣೆ ಮಾಡಿದ. ಹೇಳಲೆಂದೇ ಹೋದ, ಅದರಲ್ಲಿ ಅನುಮಾನವಿಲ್ಲ.

ಖಾಸೀಂಬಿಯ ಅಂಗಳದಲ್ಲಿ ಗೂಟಗಳಷ್ಟೇ ಇದ್ದವು. ಅವಳು ಮೂರು ಮರಿಗಳನ್ನು ತಂದು ಅವನ ಮುಂದೆ ನಿಲ್ಲಿಸಿದಳು. ಆಡು ಸತ್ತ ಮೇಲೆ ಕೇಳಿ ತಂದ ಎಮ್ಮೆಯ ಹಾಲನ್ನು ಬಾಟಲಿಯಲ್ಲಿ ಕುಡಿಸಿ ಉಳಿಸಿಕೊಂಡಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ನಾಕು ಕೊಟ್ಟಿದ್ದಿ, ಮೂರು ಉಳದಾವ. ನಿನ್ನ ಅಮಾನತ್ತು ನನ್ನ ಕೈಲಿ ಕಾಯಾಕ ಆಗಲಿಲ್ಲ. ಸಂತಿ ಆಡಿನ ಆಸೆಗಿ ಬಿದ್ದು ನಿನ್ನ ಮರಿಗೂ ಬ್ಯಾನಿ ಹಚ್ಚಿದೆ. ಮಾಫ್ ಮಾಡು ಅಣ್ಣಾ."

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಸಿಗುತ್ತಿರಲಿಲ್ಲ. ನಾಲಿಗೆ ಎದ್ದಿತು ಕೂಡ. ಎದ್ದ ನಾಲಿಗೆ ಹೇಳಿದ್ದು ಮಾತ್ರ ಬೇರೆ.

"ಮಾಫ್ ಮಾಡೀನಿ, ತಂಗಿ" ಎಂದ.

ಅವಳು ಅತ್ತಳು, ಹಗುರಾದಳು. ಅವನು ಮೂರು ಮರಿ ಎತ್ತಿಕೊಂಡು ಹೊಳೆ ದಾಟಿದ. ದಾಟುವಾಗ ತನ್ನ ಮೇಲೆ ತನಗೇ ಹೇಸಿಗೆ ಬಂದು ನೀರಿನಲ್ಲಿ ನಿಂತುಬಿಟ್ಟನಂತೆ. ಹಿಂದಕ್ಕೆ ಮಾತ್ರ ತಿರುಗಲಿಲ್ಲ.

ಮುಂದಿನ ಎರಡು ವರ್ಷ ಸುತ್ತುದಾರಿ ಹಿಡಿದ ಕಥೆ ಮೊದಲೇ ಹೇಳಿದೆ. ಮರಿಗಳು ಬೆಳೆದು ಕುರಿಗಳಾಗಿದ್ದವು. ಮೊದಲ ವರ್ಷ ಮಣ್ಣೂರಿನ ಸೀಮೆ ಮುಟ್ಟುತ್ತಲೇ ಮೂರೂ ಕುರಿ ಹಿಂಡು ಬಿಟ್ಟು ಓಟ ಕಿತ್ತಿದ್ದವು. ಹೀರಾಬಾಯಿಯೂ ಅವನೂ ಅಟ್ಟಿಸಿಕೊಂಡು ಹೋಗಿ, ಕಾಲು ಕಟ್ಟಿ, ಕುದುರೆಯ ಮೇಲೆ ಹೇರಿ ಆಚೆ ದಾಟಿಸಿದ್ದರು. ಮಾರಿಬಿಡಿ ಎಂದಳು ಅವಳು. ಅದೂ ಅವನಿಂದ ಆಗಲಿಲ್ಲ.

ಕಳೆದ ವರ್ಷ ಸುತ್ತುದಾರಿಯೂ ಮುಚ್ಚಿತು. ಆ ಕಡೆಯ ಹೊಲಗಳಿಗೆಲ್ಲ ಕಬ್ಬು ಬಿದ್ದು ಕುರಿ ತೂರಲು ಸಂದು ಉಳಿದಿರಲಿಲ್ಲ. ಮಣ್ಣೂರಿನ ಮೂಲಕವೇ ಹೋಗಬೇಕಾಯಿತು. ನಟ್ಟನಡು ಮಧ್ಯಾಹ್ನ, ಊರು ಮಲಗಿರುವಾಗ ದಾಟಿಬಿಡೋಣ ಎಂದು ಹೊರಟ. ಕುರಿಗಳಿಗೆ ಆ ಲೆಕ್ಕಾಚಾರ ಗೊತ್ತಿಲ್ಲವಲ್ಲ. ಮೂರೂ ಹೊಳೆಯ ಓಣಿಗೆ ನುಗ್ಗಿ, ಖಾಸೀಂಬಿಯ ತಗಡಿನ ಬಾಗಿಲನ್ನು ಹಣೆಯಿಂದ ಗುದ್ದಿದವು. ಹೀರಾಬಾಯಿಯನ್ನು ಹಿಂಡಿನ ಜೊತೆ ಬಿಟ್ಟು ಅವನು ಹಿಂದೆ ಓಡಿದ.

ಖಾಸೀಂಬಿ ಇಳಿದುಹೋಗಿದ್ದಳು. ಆಡು ಕಟ್ಟುವುದನ್ನು ಬಿಟ್ಟು ಕಬ್ಬಿನ ಕಳೆಗೆ ಹೋಗುತ್ತಿದ್ದಳು. ಓಣಿಯವರು ತಮ್ಮ ಆಡುಗಳನ್ನು ಮತ್ತೆ ಅವಳ ಕೈಗೆ ಕೊಟ್ಟಿರಲಿಲ್ಲ. ಕುರಿಗಳ ಕಿವಿ ಹಿಡಿದು ನೋಡಿ ಗುರುತು ಹಿಡಿದಳು, ಒಳಗಿನಿಂದ ಬೋಗುಣಿಯಲ್ಲಿ ನೀರು ತಂದಿಟ್ಟಳು. ಅವು ಕುಡಿಯುವುದನ್ನೇ ನೋಡುತ್ತ, "ಚಾ ಮಾಡಲೇನಣ್ಣಾ?" ಎಂದಳು. ಅವನು ಬಾಗಿಲ ಹೊರಗೇ ನಿಂತ.

"ನೀ ಮಾಫ್ ಮಾಡೀನಿ ಅಂದಿ, ಆದ್ರ ಬರೂದು ಬಿಟ್ಟಿ. ನಿನ್ನ ಮನಸಿನ್ಯಾಗ ಸಿಟ್ಟು ಹಂಗ ಅದ ಅಂತ ತಿಳಕೊಂಡಿದ್ದೆ" ಎಂದಳು.

ಅವನು ಹೊಸ್ತಿಲ ಹೊರಗೇ ಕುಕ್ಕರಿಸಿದ.

"ತ್ವಾಳ ಬಿದ್ದಿದ್ದಿಲ್ಲ, ತಂಗಿ. ಹಿರೇಬ್ಯಾನಿ ಬಂದಿತ್ತು. ಭೂಸನೂರ ಕಡೆ ಹೊಲದಾಗೇ ಸತ್ತಿದ್ವು. ನನಗ ಗೊತ್ತಿತ್ತು. ಗೊತ್ತಿದ್ದೇ ಮರಿ ತಂದು ನಿನ್ನ ಮಡಿಲಾಗ ಹಾಕಿದೆ."

ಖಾಸೀಂಬಿ ಬೈದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅವಳು ಬೈಯಲಿಲ್ಲ. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

"ಆರೂ ಮನಿಗಿ ಹೋಗಿ ಸೆರಗೊಡ್ಡಿ ಮಾಫಿ ಕೇಳೀನಿ ನಾ. ವಜೀರುನ್ನಿಸಾ ನನ್ನ ಮಾರಿಗಿ ಬಾಗಿಲಾ ಹಾಕ್ಯಾಳ. ಏಳು. ಆ ಆರೂ ಮನಿಗಿ ಈಗ ನೀ ಬಾ."

ಹೋದರು. ಅವಳು ಮುಂದೆ, ಅವನು ಹಿಂದೆ, ಅವನ ಹಿಂದೆ ಮೂರು ಕುರಿ. ಮೊದಲ ಮನೆ ವಜೀರುನ್ನಿಸಾಳದು. ಆಕೆ ಕೇಳಿಸಿಕೊಂಡು, ಖಾಸೀಂಬಿಯ ಕಡೆ ಒಮ್ಮೆ ನೋಡಿ, ಇವನ ಕಾಲಬಳಿ ಉಗುಳಿ ಒಳಗೆ ಹೋದಳು. ಎರಡನೆಯ ಮನೆಯಲ್ಲಿ ಮುದುಕನೊಬ್ಬ, ನಿನ್ನ ಮಾತಿನ ಮೇಲೆ ನಿನ್ನ ಕುರಿಗೆ ನಮ್ಮ ಹೊಲ ಬಿಟ್ಟಿದ್ದೆವಲ್ಲೋ ಎಂದ. ಮೂರನೆಯ ಮನೆಯ ಹೊತ್ತಿಗೆ ಸುದ್ದಿ ಅವರಿಗಿಂತ ಮುಂಚೆಯೇ ಮುಟ್ಟಿ, ಓಣಿಯೇ ಹೊರಗೆ ನಿಂತಿತ್ತು. ಆರೂ ಬಾಗಿಲಲ್ಲಿ ಅದೇ ನಾಲ್ಕು ಮಾತು ಹೇಳಿದ. ಆರನೆಯದರಲ್ಲೂ ಅದು ಮೊದಲನೆಯದರಷ್ಟೇ ಕಷ್ಟವಾಗಿತ್ತು. ಅವನು ನಲವತ್ತು ವರ್ಷ ಜತನ ಮಾಡಿದ ಹೆಸರು ಆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಮೂರು ಕುರಿಗಳನ್ನು ಅವಳ ಗೂಟಕ್ಕೆ ಕಟ್ಟಿ ಬಂದ. ಸಂಜೆ ಹೊಳೆ ದಾಟುವ ಮೊದಲೇ ಅವು ಹಿಂಡಿನ ಹತ್ತಿರ ಬಂದು ನಿಂತಿದ್ದವು. ಖಾಸೀಂಬಿಯೇ ಹಗ್ಗ ಬಿಚ್ಚಿ, ದಂಡೆಯವರೆಗೆ ಹೊಡೆದುಕೊಂಡು ಬಂದು ಬಿಟ್ಟುಹೋಗಿದ್ದಳು. ಹೀರಾಬಾಯಿಯ ಜೊತೆ ಎರಡು ಮಾತಾಡಿದ್ದಳಂತೆ, ಇವನನ್ನು ಕೂಗಿರಲಿಲ್ಲ.

ಮಣ್ಣೂರಿನಲ್ಲಿ ಈಗ ಅವನ ಹಿಂಡನ್ನು ಯಾರೂ ಹೊಲಕ್ಕೆ ಕರೆಯುವುದಿಲ್ಲ. ಖಾಸೀಂಬಿಯ ಅಂಗಳದಲ್ಲಿ ಓಣಿಯವರ ಆಡುಗಳು ಮತ್ತೆ ನಿಲ್ಲುತ್ತಿವೆ ಎಂದು ಸುದ್ದಿ. ಈ ವರ್ಷ ಅವನು ಊರು ಮಲಗುವ ಹೊತ್ತು ಕಾಯಲಿಲ್ಲ, ಊರ ಮುಂದಿನ ದಾರಿಯಲ್ಲೇ ಬಂದ. ಮೂರು ಕುರಿಗಳು ಎಂದಿನಂತೆ ಓಡಿ ತಗಡಿನ ಬಾಗಿಲು ಗುದ್ದಿದವು. ಖಾಸೀಂಬಿ ಹೊರಗೆ ಬಂದು ಅವುಗಳಿಗೆ ಬೋಗುಣಿಯಲ್ಲಿ ನೀರಿಟ್ಟಳು, ಕುಡಿಯುವವರೆಗೂ ಬೆನ್ನು ಸವರುತ್ತ ಕುಳಿತಳು. ಅವನು ಓಣಿಯ ತುದಿಯಲ್ಲಿ ಬಿಸಿಲಲ್ಲಿ ನಿಂತು ಕಾದ. ಕುರಿಗಳು ಕುಡಿದಾದ ಮೇಲೆ ಅವಳು ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಚಾ ಮಾಡಲೇನು ಎಂದು ಕೇಳಲಿಲ್ಲ.