ತಾರೀಖು ಬೇಡದ ಪುಸ್ತಕ

"ತಾರೀಖ ಇಲ್ಲದ್ದು ಬೇಕಂತ ಅಂಗಡಿಯವ್ರಿಗೆ ಹಿಂದಿ ಭಾಷ್ಯಾಗ ಹೇಳ್ರಿ, ಅಕ್ಕಾರ!" ಸಯನ್ ಬಡಾವಣೆಯ ಅಂಗಡಿಯಲ್ಲಿ ಹೊಸ ವರ್ಷದ ಡೈರಿ ಆರಿಸುತ್ತಿದ್ದ ನನ್ನ ತೋಳನ್ನು ಧಾರವಾಡ ಕಡೆಯ ಹೆಂಗಸೊಬ್ಬಳು ಹಿಡಿದಳು. ದಿನಕ್ಕೊಂದು ಪುಟವಿದ್ದರೇ ಶಿಸ್ತು ಎಂದೆ.

"ಸೊಸಿ ನರ್ಸ್ ಅದಾಳ್ರಿ, ರಾತ್ರಿ ಪಾಳಿ. ಆಕಿ ಮನಿಗೆ ಬರೂದ್ರಾಗ ನಾ ಗಿರಣಿಗೆ ಹೋಗಿರ್ತೀನಿ. ಒಂದ ಖೋಲ್ಯಾಗಿದ್ದೂ ಮಾತಿಲ್ಲ. ಇನ್ನ ಬರದ ಇಡೂಣು ಅಂದಾಳ. ಒಂದಿನ ಒಂದ ಮಾತು, ಒಂದಿನ ನಾಕ ಹಾಳಿ. ಆ ಪುಟದಾಗ ಹೆಂಗ ಹಿಡಸ್ತದ?"

ದಪ್ಪನೆಯ, ಅಗಲ ಗೆರೆಯ ನೋಟ್‌ಬುಕ್ ಆರಿಸಿಕೊಟ್ಟೆ. ನನ್ನ ಪೆನ್ನನ್ನೇ ಕೇಳಿ ಪಡೆದು, ಅಲ್ಲೇ ನಿಂತು ಒಂದೊಂದೇ ಅಕ್ಷರ ಕೂಡಿಸಿ ಬರೆದಳು: "ರೊಟ್ಟಿ ಮುಚ್ಚಿಟ್ಟೀನವ್ವಾ, ಉಂಡ ಮಲಗು."

ನನ್ನ ಮಗಳು ಸಂಜೆ ಮನೆಯಲ್ಲೇ ಇದ್ದರೂ ನಾನು ಡೈರಿಯಲ್ಲೇ ಮುಳುಗಿರುತ್ತಿದ್ದೆ. ಈಗ ಅವಳು ಆಫೀಸಿನಿಂದ ಬಂದ ಕೂಡಲೇ ನಾನು ಡೈರಿ ಮುಚ್ಚಿ, ಅವಳ ಪಕ್ಕ ಕುಳಿತು ಚಹಾ ಕುಡಿಯುತ್ತೇನೆ.