ಅರಿಶಿನ ಮೆತ್ತಿದ ಕಲ್ಲು

ಅರಿಶಿನದ ಘಮ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ಮದುವೆಮನೆ ಇರಬಹುದು, ಬಾಣಂತಿಯ ಕೋಣೆ ಇರಬಹುದು, ತೀರ ಊಟದ ಮೇಲೆ ಜೀವ ಇಟ್ಟವರಾದರೆ ಒಗ್ಗರಣೆ. ನನಗೆ ಮಾತ್ರ ಕೆರೆಯ ನೀರು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಹೈದರಾಬಾದಿನ ನಾಚಾರಂನ ನಮ್ಮ ಬಾಡಿಗೆ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಅಡುಗೆಮನೆಯಿಂದ ಆ ಘಮ ಬಂತು. ನಮ್ಮತ್ತೆ ಅರಿಶಿನದ ಡಬ್ಬಿ ತೆರೆದಿದ್ದರು. ಶುಕ್ರವಾರ ಬಂತೆಂದರೆ ಅವರು ಒಂದು ಚೀಲ ಕಟ್ಟಿಕೊಂಡು, ಶಂಶಾಬಾದ್ ಕಡೆ ಬೀಗ ಹಾಕಿಕೊಂಡು ನಿಂತಿರುವ ನಮ್ಮ ಸ್ವಂತ ಮನೆಗೆ ಹೋಗಬೇಕು, ಅಲ್ಲಿ ಹಿತ್ತಲಲ್ಲಿರುವ ಒಂದು ಕಲ್ಲಿಗೆ ಪೂಜೆ ಮಾಡಿ ಬರಬೇಕು. ಕಾರು ಓಡಿಸುವ ಕೆಲಸ ನನ್ನದು. ಆದರೆ ಇವತ್ತು ಅದೇ ಮನೆಯನ್ನು ಕೊಳ್ಳಲೆಂದು ನೋಡಲು ಜನ ಬರುವವರಿದ್ದರು. ನಮ್ಮ ಮನೆಯವರು ಹಲ್ಲುಜ್ಜುತ್ತಲೇ ನನಗೆ ತಾಕೀತು ಮಾಡಿಯಾಗಿತ್ತು: ಕಲ್ಲಿನ ವಿಷಯ ಬಾಯಿ ಬಿಡಬೇಡ.

ಯಾವ ಕಲ್ಲು ಅನ್ನುತ್ತೀರಾ? ಹೇಳುತ್ತೇನೆ, ಆದರೆ ಮೊದಲು ಮನೆಯ ಕಥೆ ಕೇಳಬೇಕು. ನಮ್ಮವರು ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅಳತೆ ವಿಭಾಗದಲ್ಲಿದ್ದವರು. ಯಂತ್ರದ ಭಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ತಿರುಗಿ ಕಳಿಸುತ್ತಿದ್ದ ಮನುಷ್ಯ. ನಾನೋ, ನಾರಾಯಣಗೂಡದ ಕಾಲೇಜೊಂದರಲ್ಲಿ ಭೂಗೋಳ ಹೇಳುತ್ತಿದ್ದವಳು. ನೀರು ತಗ್ಗಿನ ಕಡೆಗೆ ಹರಿಯುತ್ತದೆ ಎಂಬ ಮಹಾಸತ್ಯವನ್ನು ಎಷ್ಟು ತಂಡದ ಮಕ್ಕಳಿಗೆ ಬೋಧಿಸಿದ್ದೇನೋ ಲೆಕ್ಕವಿಲ್ಲ. ಇಂಥ ನಾವಿಬ್ಬರು ಸೇರಿಕೊಂಡು ಕೆರೆ ದಂಡೆಯ ಪ್ಲಾಟು ನೋಡಲು ಹೋದದ್ದು ಸುಡುಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಹೈದರಾಬಾದಿನ ಕೆರೆ ಎಲ್ಲಿರುತ್ತದೆ ಹೇಳಿ? ಬಹು ದೂರದಲ್ಲಿ, ಎಮ್ಮೆಗಳು ಕೂತಿದ್ದ ಕಡೆ, ಒಂದಿಷ್ಟು ಥಳಥಳ ಕಾಣುತ್ತಿತ್ತು. ಪ್ಲಾಟು ಮಾರುವಾತ ಕೈ ಚಾಚಿ ಅದನ್ನು ತೋರಿಸಿದ. ಇಲ್ಲಿ ಬಾಲ್ಕನಿ ಹಾಕಿಕೊಂಡರೆ ಬೆಳಗಿನ ಚಹಾ ಕೆರೆಯ ಜೊತೆಗೇ ಅಂದ. ಆ ಚಹಾದ ಆಸೆಗೆ ನಾನು ಬಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮವರು ತಮ್ಮ ಇಡೀ ನೌಕರಿಯ ಗಳಿಕೆಯನ್ನು ಆ ಬಾಲ್ಕನಿಯ ಕೆಳಗೆ ಸುರಿದರು.

ಪಾಯ ತೋಡುವಾಗ ಹಿತ್ತಲಿನ ಅಂಚಿನಲ್ಲಿ ಆ ಕಲ್ಲು ಸಿಕ್ಕಿತು. ಮೊಣಕಾಲೆತ್ತರ, ನೆಟ್ಟಗೆ ನೆಟ್ಟದ್ದು, ಮೈತುಂಬ ಮಣ್ಣು. ಸೇಡಂ ಕಡೆಯ ಮೇಸ್ತ್ರಿ ಕಾಂಪೌಂಡಿಗೆ ಅಡ್ಡವಾಗುತ್ತದೆಂದು ಕೀಳಲು ಹಾರೆ ಎತ್ತಿದ್ದ. ಅಷ್ಟರಲ್ಲಿ ನೆರಳಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮತ್ತೆ ಎದ್ದು ಬಂದರು.

"ಕೈ ಹಚ್ಚಬ್ಯಾಡೋ ತಮ್ಮಾ. ಕೆರಿ ದಂಡಿ ಮ್ಯಾಲ ಹಿಂಗ ಒಂಟಿ ನಿಂತಿದ್ದು ಬರೇ ಕಲ್ಲಿರಂಗಿಲ್ಲ. ಮೈಸಮ್ಮ ಅದಾಳ."

ಈ ಕಡೆ ಕೆರೆ ಕಾಯುವ ದೇವಿಗೆ ಮೈಸಮ್ಮ ಅನ್ನುತ್ತಾರೆ. ಕಟ್ಟೆಯ ಮೇಲೆ ಅವಳ ಪುಟ್ಟ ಗುಡಿ ಇಲ್ಲದ ಕೆರೆ ಇಲ್ಲಿ ಅಪರೂಪ. ಅತ್ತೆ ರಾಯಚೂರು ಕಡೆಯವರು, ಅವರ ತವರಿನ ಕೆರೆಗೂ ಇಂಥದೇ ಒಬ್ಬಳು ಕಾವಲಿದ್ದಳಂತೆ. ಮೇಸ್ತ್ರಿ ಹಾರೆ ಕೆಳಗಿಟ್ಟು ಚಪ್ಪಲಿ ಬಿಟ್ಟ. ಕಾಂಪೌಂಡು ಕಲ್ಲನ್ನು ಒಳಗೆ ಹಾಕಿಕೊಂಡು ಸುತ್ತಿ ಬಂತು. ಕಲ್ಲಿನ ಮುಖದ ಮೇಲೆ ಏನೋ ಕೆತ್ತಿದ ಹಾಗಿತ್ತು. ಅತ್ತೆಗೆ ಓದಲು ಬಾರದು. ಓದಲು ಬರುವ ನಾವಿಬ್ಬರು ಬಗ್ಗಿ ನೋಡಲಿಲ್ಲ. ಮೊದಲ ಶುಕ್ರವಾರವೇ ಅದರ ಮೇಲೆ ಬೊಗಸೆ ಅರಿಶಿನ ಬಿತ್ತು, ಮೇಲೆ ಕುಂಕುಮ, ಅಲ್ಲಿಂದ ಮುಂದೆ ವಾರವಾರವೂ ಒಂದು ಪದರ.

ಮೊದಲ ಮಳೆಗಾಲದಲ್ಲಿ ಕೆರೆ ತನ್ನ ಎಮ್ಮೆಗಳನ್ನು ಬಿಟ್ಟು ನಮ್ಮ ಕಡೆ ಹೊರಟಿತು. ದಿನಕ್ಕಿಷ್ಟು ಬಂದು ಬಂದು ಕಲ್ಲಿನ ಬುಡ ಮುಟ್ಟಿ ನಿಂತಿತು. ಮರುವರ್ಷವೂ ಅಷ್ಟೇ, ಅದೇ ಕಲ್ಲು, ಅದೇ ಬುಡ. ಅತ್ತೆಯ ಸಂಭ್ರಮ ಕೇಳಬೇಡಿ. ಬಂದವರನ್ನೆಲ್ಲ ಹಿತ್ತಲಿಗೆ ಕರೆದೊಯ್ದು ತೋರಿಸುವರು. ಅಕ್ಕಪಕ್ಕದ ತೆಲುಗು ಹೆಂಗಸರು ತೆಂಗಿನಕಾಯಿ ಹಿಡಿದು ಬರತೊಡಗಿದರು. ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ, ಆದರೆ ಕುತೂಹಲ ಬಿಡಬೇಕಲ್ಲ. ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ನೀರಿನ ಅಂಚನ್ನೇ ನೋಡುತ್ತ ನಿಲ್ಲುತ್ತಿದ್ದೆ. ನೀರಿಗೆ ಈ ಕಲ್ಲು ಹೇಗೆ ಗೊತ್ತಾಯಿತು? ಇಳಿಜಾರು, ಮಣ್ಣಿನ ಗುಣ, ಗಾಳಿಯ ದಿಕ್ಕು, ಏನೇನೋ ಊಹಿಸಿದೆ. ಕಲ್ಲನ್ನೇ ಒಮ್ಮೆ ತೊಳೆದು ನೋಡೋಣ ಅನ್ನಿಸಲಿಲ್ಲ.

ಮೂರನೆಯ ಮಳೆಗಾಲಕ್ಕೆ ಒಂದು ಸಣ್ಣ ಬದಲಾವಣೆಯಾಗಿತ್ತು. ಕೆರೆ ಕೋಡಿ ಬಿದ್ದಾಗ ಹೆಚ್ಚಿನ ನೀರು ಹೊರಟುಹೋಗುವ ಕಾಲುವೆಯ ಮೇಲೆ ಯಾರದೋ ಫಂಕ್ಷನ್ ಹಾಲ್ ಎದ್ದು ನಿಂತಿತ್ತು. ನಾವೂ ಅಲ್ಲಿ ಒಂದು ಮದುವೆ ಊಟ ಮಾಡಿ ಬಂದಿದ್ದೆವು. ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಮಧ್ಯಾಹ್ನ ನೀರು ಕಲ್ಲಿನ ಬುಡ ಬಿಟ್ಟು ಮೇಲೇರಿತು. ಅತ್ತೆ ತಲೆಯ ಮೇಲೆ ಗೋಣಿಚೀಲ ಹೊದ್ದು ಕಾಯಿ ಒಡೆದು ಬಂದರು. ನಮ್ಮವರು ಹಿಂಬಾಗಿಲಿಗೆ ಮರಳಿನ ಚೀಲ ಪೇರಿಸಿ, ಕೈಯಲ್ಲೊಂದು ಅಳತೆಪಟ್ಟಿ ಹಿಡಿದು ಕಾವಲು ನಿಂತರು. ನಾವೆಲ್ಲ ಹಾಗೆ ಕೆರೆಯ ಕಡೆ ಕಣ್ಣು ನೆಟ್ಟು ನಿಂತಿರುವಾಗ ಬೆನ್ನ ಹಿಂದೆ ಬಚ್ಚಲಿನಲ್ಲಿ ಗುಳುಗುಳು ಸದ್ದಾಯಿತು. ನೀರು ಹಿತ್ತಲ ಬಾಗಿಲಿಂದ ಬರಲೇ ಇಲ್ಲ ನೋಡಿ, ಚರಂಡಿ ಕೊಳವೆ ಹಿಡಿದು ಬಚ್ಚಲ ತೂತಿನಿಂದ ಉಕ್ಕಿ ಬಂತು. ಮರಳಿನ ಚೀಲಗಳು ಅದನ್ನು ಹೊರಗೆ ಹೋಗದ ಹಾಗೆ ತಡೆದವು.

ಫ್ರಿಜ್ಜು ತೇಲುತ್ತದೆ ಎಂದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ನಮ್ಮದು ಮೊದಲು ಸ್ವಲ್ಪ ಓಲಾಡಿ, ಆಮೇಲೆ ಅಂಗಾತ ಮಲಗಿ, ಅಡುಗೆಮನೆಯಿಂದ ಹಾಲ್‌ಗೆ ನಿಧಾನವಾಗಿ ಹೊರಟಿತು. ನಾವು ಮೆಟ್ಟಿಲು ಹತ್ತಿ ತಾರಸಿ ಸೇರಿದೆವು. ಅತ್ತೆ ಪ್ಯಾರಪೆಟ್ಟು ಹಿಡಿದು ಬಗ್ಗಿ, "ಕಲ್ಲು ಕಾಣ್ತೈತೇನವಾ?" ಅಂತ ಒಂದೇ ಕೇಳಿದರು. ಹಿತ್ತಲಿದ್ದ ಕಡೆ ಬರೀ ಕೆಂಪು ನೀರಿತ್ತು. ಕಾಣುವುದಿಲ್ಲ ಅಂದೆ. ಅವರ ಮುಖ ಹಾಗೆ ಬಿದ್ದುಹೋದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮನೆ ಮುಳುಗಿದ್ದಕ್ಕಿಂತ ನನಗೆ ಅದೇ ಹೆಚ್ಚು ಸಂಕಟವಾಯಿತು.

ನೀರಿಳಿದ ಮೇಲೆ ಮೊದಲು ಹಿತ್ತಲಿಗೆ ಹೋದವಳು ನಾನು. ಕಲ್ಲು ನಿಂತ ಕಡೆಯೇ ನಿಂತಿತ್ತು. ಆದರೆ ಅಷ್ಟೂ ವರ್ಷದ ಅರಿಶಿನ ಕೊಚ್ಚಿಹೋಗಿ ಬೋಳು ಮುಖ ಹೊರಗೆ ಬಂದಿತ್ತು. ಮುಖದ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ಎಫ್‌, ಟಿ, ಎಲ್‌, ಕೆಳಗೊಂದು ಬಾಣದ ಗುರುತು. ಫುಲ್ ಟ್ಯಾಂಕ್ ಲೆವೆಲ್, ಅಂದರೆ ಕೆರೆ ಪೂರ್ತಿ ತುಂಬಿದಾಗ ನೀರು ಬಂದು ನಿಲ್ಲುವ ಗೆರೆ ಇದು ಎಂದು ತೋರಿಸಲು ಸರ್ಕಾರದವರು ನೆಡುವ ಕಲ್ಲು. ಕಲ್ಲು ನೀರನ್ನು ತಡೆದಿರಲಿಲ್ಲ. ನೀರು ನಿಲ್ಲುವ ಜಾಗಕ್ಕೆ ಕಲ್ಲು ನೆಟ್ಟಿದ್ದರು, ಅದರ ಪಕ್ಕಕ್ಕೆ ನಾವು ಬಾಲ್ಕನಿ ಕಟ್ಟಿದ್ದೆವು. ಇಷ್ಟನ್ನೂ ಅತ್ತೆಗೆ ಬಿಡಿಸಿ ಹೇಳಿದೆ. ಕೊನೆತನಕ ಕೇಳಿಸಿಕೊಂಡರು. ಮುಂದಿನ ಶುಕ್ರವಾರ ಮತ್ತೆ ಅರಿಶಿನ ಬಳಿದರು.

ನನ್ನ ಕುತೂಹಲ ಮಾತ್ರ ಅಲ್ಲಿಗೆ ತಣ್ಣಗಾಗಲಿಲ್ಲ. ಒಂದು ಕಲ್ಲಿದ್ದರೆ ಸಾಲೇ ಇರಬೇಕು ಎಂದು ದಂಡೆಗುಂಟ ಹುಡುಕಿಕೊಂಡು ಹೋದೆ. ಇದ್ದವು. ಒಂದು ಮನೆಯಲ್ಲಿ ಅದು ಬಟ್ಟೆ ಒಗೆಯುವ ಕಲ್ಲಾಗಿತ್ತು, ಇನ್ನೊಂದರಲ್ಲಿ ಬೋರಲಾಗಿ ಮಲಗಿ ಗೇಟಿನ ಮೆಟ್ಟಿಲಾಗಿತ್ತು. ಇಡೀ ದಂಡೆಯಲ್ಲಿ ನೆಟ್ಟ ಜಾಗ ಬಿಡದೆ ಉಳಿದದ್ದು ನಮ್ಮದೊಂದೇ, ಅದೂ ಅತ್ತೆ ಅದನ್ನು ದೇವರೆಂದುಕೊಂಡ ಪುಣ್ಯಕ್ಕೆ.

ಆಮೇಲೆ ನಾವು ನಾಚಾರಂಗೆ ಬಂದೆವು. ಮನೆಗೆ ಸುಣ್ಣಬಣ್ಣ ಹೊಡೆಸಿ ಮಾರಾಟಕ್ಕಿಟ್ಟೆವು. ಅದು ಮಾರಾಟವಾಗದೆ ನಮಗೆ ಇನ್ನೊಂದು ಸೂರಿಲ್ಲ. ಹಾಗಾಗಿ, ಮೊದಲು ಅತ್ತೆಯ ಶುಕ್ರವಾರಗಳಿಗೆ ಗೊಣಗುತ್ತಿದ್ದ ನಮ್ಮವರು ಈಗ ತಾವೇ ಒಳ್ಳೆ ಅರಿಶಿನ ತಂದುಕೊಡತೊಡಗಿದರು. ಪದರ ದಪ್ಪವಿದ್ದಷ್ಟೂ ಅಕ್ಷರ ಕಾಣುವುದಿಲ್ಲವಲ್ಲ. ನನಗೆ ಅದು ಗೊತ್ತಾಗುತ್ತಿತ್ತು, ಕೇಳುತ್ತಿರಲಿಲ್ಲ. ಕೊಳ್ಳುವವರು ನೇರವಾಗಿ ಕೇಳಿದರೆ ನಾನು ಏನು ಹೇಳುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಇವತ್ತು ನಾವು ಮೂವರೂ ಆ ಮನೆಗೆ ಹೋದ ಮೇಲೆ ಬಂದವರು ಬೀದರ್ ಕಡೆಯ ಗಂಡಹೆಂಡತಿ, ಇನ್ನೂ ಚಿಕ್ಕವರು, ಇಬ್ಬರಿಗೂ ಏರ್‌ಪೋರ್ಟಿನಲ್ಲಿ ನೌಕರಿ. ಕನ್ನಡದವರ ಮನೆ ಎಂದು ತಿಳಿದದ್ದೇ ಆ ಹುಡುಗಿ ಅರಳಿದಳು. ಬಾಲ್ಕನಿಯಲ್ಲಿ ನಿಂತು, ದೂರದ ಥಳಥಳದ ಕಡೆ ಕೈ ಮಾಡಿ ಗಂಡನಿಗೆ ತೋರಿಸಿದಳು. ಇಲ್ಲಿ ಕೂತು ಚಹಾ ಕುಡಿಯಬಹುದು ಅಂದಳು.

ಹಿತ್ತಲಿಗೆ ಇಳಿದರೆ ಅತ್ತೆ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಅರಿಶಿನದ ಡಬ್ಬಿ ಮುಚ್ಚಿಕೊಂಡು ಪಕ್ಕದಲ್ಲಿತ್ತು. ಕೈಯಲ್ಲಿ ತೆಂಗಿನ ನಾರು, ಬಕೆಟ್ಟಿನಲ್ಲಿ ನೀರು. ಕಲ್ಲನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಹಳದಿ ನೀರು ಹಿತ್ತಲ ತುಂಬ ಹರಿದಿತ್ತು. ಹುಡುಗಿ ಬಗ್ಗಿ ಓದಿ, ಹೀಗಂದರೆ ಏನು ಅಜ್ಜಿ ಎಂದು ಕೇಳಿದಳು.

"ನನಗ ಓದಾಕ ಬರಂಗಿಲ್ಲವಾ," ಅಂದರು ಅತ್ತೆ. "ಇಷ್ಟು ವರ್ಷ ಅಕಿ ಏನೋ ಹೇಳಾಕತ್ತಿದ್ಲು. ನಾ ಅಕಿ ಬಾಯಿಗೆ ಅರಿಶಿಣ ಮೆತ್ತಿಕೋಂತ ಕುಂತಿದ್ದೆ. ಇವತ್ತು ಅಕಿ ಹೇಳ್ಲಿ, ನೀವು ಕೇಳ್ರಿ."

ಹುಡುಗಿ ನನ್ನ ಕಡೆ ನೋಡಿದಳು. ನಾನು ನಮ್ಮವರ ಕಡೆ ನೋಡಿದೆ. ಅವರ ಕಣ್ಣು ಹಳದಿ ನೀರಿನ ಮೇಲಿತ್ತು. ಆಮೇಲೆ ಒಳಗೆ ಹೋದರು, ನಾವೆಲ್ಲ ಹಿಂದೆ ಹೋದೆವು. ಹೊಸ ಬಣ್ಣದ ಗೋಡೆಯ ಮೇಲೆ ಎದೆಯ ಮಟ್ಟಕ್ಕೆ ಅಂಗೈ ಊರಿ, "ನೀರು ಇಲ್ಲೀತನಕ ಬಂದಿತ್ರಿ" ಅಂದರು. ಹಾಗೆ ಅಂದು ಕೈಯನ್ನು ಒಮ್ಮೆ ದಿಟ್ಟಿಸಿ, ಸಮಾಧಾನವಾಗದೆ, ಒಂದು ಬೆರಳಿನಷ್ಟು ಮೇಲೆ ಸರಿಸಿದರು.

ಮನೆ ಮಾರಾಟವಾಗಲಿಲ್ಲ. ಆ ಹುಡುಗಿ ಹೋಗುವಾಗ ಅತ್ತೆಯ ಕಾಲು ಮುಟ್ಟಿ ಹೋದಳು. ನಮ್ಮವರು ಹಿತ್ತಲ ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಇನ್ನು ಎಷ್ಟು ವರ್ಷ ಬಾಡಿಗೆ ಮನೆಯೋ ದೇವರೇ ಬಲ್ಲ, ಆದರೂ ಆ ಮನುಷ್ಯನ ಮೇಲೆ ನನಗೆ ಇವತ್ತು ಬಂದಷ್ಟು ಪ್ರೀತಿ ಬಹಳ ದಿನದಿಂದ ಬಂದಿರಲಿಲ್ಲ. ಅಷ್ಟರಲ್ಲಿ ಅರಿಶಿನದ ಘಮ ಬಂತು. ಅತ್ತೆ ಡಬ್ಬಿ ತೆರೆದು ಒಂದೇ ಒಂದು ಬೆರಳು ಅದ್ದಿ, ಕಲ್ಲಿನ ನೆತ್ತಿಗೆ ಬೊಟ್ಟಿಟ್ಟರು. ಅಕ್ಷರ ಮುಟ್ಟಲಿಲ್ಲ.