ಹಾಜರಿ ಕೇಳಲು ಹೋದ ಪ್ರಿಸ್ಕಿಲ್ಲಾ ಟೀಚರ್

ಕುಂದಾಪುರ ಪರಿಸರದಲ್ಲಿ ಮೂರು ದಶಕಗಳಿಗೂ ಮೀರಿ ಕನ್ನಡ ಕಲಿಸಿ, ಪಾಠದ ಮೇಲಿಟ್ಟಷ್ಟೇ ಶ್ರದ್ಧೆಯನ್ನು ನೆರೆಹೊರೆಯ ಬಾಳಿನ ಮೇಲೂ ಇಟ್ಟವರು ಶ್ರೀಮತಿ ಪ್ರಿಸ್ಕಿಲ್ಲಾ ಜತನ್ನ. ನಮ್ಮ ಕ್ರೈಸ್ತ ಸಭೆ ನಡೆಸುವ ಪ್ರೌಢಶಾಲೆಯಿಂದ ಅವರು ಈ ವರ್ಷ ನಿವೃತ್ತರಾಗಿದ್ದಾರೆ. ನೆರೆಯವರನ್ನು ಪ್ರೀತಿಸಬೇಕೆಂದು ನಾವು ಪ್ರತಿ ಭಾನುವಾರ ಕೇಳುತ್ತಿದ್ದೆವು, ನಿಜ. ಆದರೆ ಆ ಮಾತಿಗೆ ಮೀನಿನ ಮಾರ್ಕೆಟ್ಟಿನವರೆಗೆ ನಡೆದುಹೋಗುವ ಕಾಲುಗಳಿವೆಯೆಂದು ತಿಳಿದದ್ದು ಅವರಿಂದ.

೧೯೯೩ರಲ್ಲಿ ಅವರು ಶಾಲೆಗೆ ಸೇರಿದಾಗ ಇದ್ದದ್ದು ಹೆಂಚಿನ ಮಾಡಿನ ನಾಲ್ಕು ಕೋಣೆ. ಹಳಗನ್ನಡದ ಪದ್ಯವನ್ನು ಕುಂದಾಪ್ರ ಮಾತಿನಲ್ಲಿ ಬಿಡಿಸಿ ಹೇಳಿ, ವ್ಯಾಕರಣವೆಂದರೆ ಓಡುತ್ತಿದ್ದ ಮಕ್ಕಳನ್ನು ಬೆಂಚಿಗೆ ಅಂಟಿಸುತ್ತಿದ್ದ ಅವರ ಕೌಶಲವನ್ನು ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಯಡ್ತರೆಯಿಂದ ಬರುತ್ತಿದ್ದ ಪೂಜಿತಾ ಎಂಬ ಹುಡುಗಿ ಮಾತನಾಡುವಾಗ ತೊದಲುತ್ತಿದ್ದಳು. ಒಂದು ವರ್ಷ ಪೂರ್ತಿ ಸಂಜೆ ಹತ್ತು ನಿಮಿಷ ಅವಳೊಬ್ಬಳಿಂದಲೇ ಗಟ್ಟಿಯಾಗಿ ಓದಿಸಿ, ಕೊನೆಗೆ ವಾರ್ಷಿಕೋತ್ಸವದ ಸ್ವಾಗತ ಭಾಷಣವನ್ನು ಅವಳಿಗೇ ವಹಿಸಿದವರು ಈ ಟೀಚರ್.

೨೦೧೫ರ ನವೆಂಬರಿನಲ್ಲಿ ಅವರ ಬದುಕು ಮುರಿದುಬಿತ್ತು. ಪತಿ ಸಾಮುವೆಲ್ ಜತನ್ನರು ಗೇರುಬೀಜದ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು, ಸಭೆಯ ಗಾಯನ ಮಂಡಳಿಯಲ್ಲಿ ಎಲ್ಲರಿಗಿಂತ ದಪ್ಪ ದನಿಯವರು. ಬೈಂದೂರಿನಿಂದ ಸ್ಕೂಟರಿನಲ್ಲಿ ಮರಳುತ್ತಿದ್ದಾಗ ಹೆದ್ದಾರಿಯಲ್ಲಿ ಮೀನಿನ ಟೆಂಪೊ ಅವರಿಗೆ ಬಡಿಯಿತು. ಮೂರನೆಯ ದಿನ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಟೆಂಪೊ ಓಡಿಸುತ್ತಿದ್ದವನು ಪಕ್ಕದ ಮೀನುಗಾರರ ಊರು ಕೋಡಿಯ ರಂಜನ್. ಹಿಂದಿನ ದಿನದಿಂದ ವಿಶ್ರಾಂತಿಯಿಲ್ಲದೆ ಓಡಿಸುತ್ತಿದ್ದ ಅವನಿಗೆ ಕ್ಷಣಕಾಲ ಕಣ್ಣು ಕವಿದಿತ್ತು. ಕುಡಿದಿದ್ದನೆಂದು ಊರು ಮಾತಾಡಿತು, ಅದು ಸುಳ್ಳು.

ರಂಜನನ ತಾಯಿ ಜಲಜ ಇಪ್ಪತ್ತು ವರ್ಷಗಳಿಂದ ನಮ್ಮ ಚರ್ಚಿನ ಹಿಂದಿನ ಬೀದಿಗೆ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದವರು. ಆ ದಿನದಿಂದ ಅವರು ಬೀದಿಗೆ ಬರಲಿಲ್ಲ. ಮಾರ್ಕೆಟ್ಟಿನ ಮೂಲೆಯಲ್ಲಿ ಕುಳಿತರೆ, ನಮ್ಮವರು ಮುಖ ತಿರುಗಿಸಿ ಮುಂದೆ ಹೋಗುತ್ತಿದ್ದರು. ಸಭೆಯ ಕೆಲವು ಯುವಕರಿಗೂ ಕೋಡಿಯ ಯುವಕರಿಗೂ ಬಸ್‌ಸ್ಟ್ಯಾಂಡಿನಲ್ಲಿ ಹೊಡೆದಾಟವಾಯಿತು. ಒಬ್ಬರ ಸಾವು ಎರಡು ಜಾತಿ-ಮತಗಳ ಜಗಳವಾಗಿ ಬೆಳೆಯಲು ಒಂದು ಕಲ್ಲು ಬಿದ್ದಿದ್ದರೆ ಸಾಕಿತ್ತು.

ಮೂರು ವಾರದ ಬಳಿಕ ಟೀಚರ್ ಶಾಲೆಗೆ ಮರಳಿದರು. ಒಂಬತ್ತನೆಯ ತರಗತಿಯ ಹಾಜರಿ ಕರೆಯುವಾಗ ನಿಶ್ಮಿತಾ ಎಂಬ ಹೆಸರಿಗೆ ಉತ್ತರ ಬರಲಿಲ್ಲ. ರಂಜನನ ತಂಗಿ. ಅಪಘಾತದ ಮರುದಿನದಿಂದ ಅವಳು ಬಂದಿರಲೇ ಇಲ್ಲ. ಎರಡು ದಿನ ಟೀಚರ್ ಆ ಹೆಸರನ್ನು ಕರೆದು ಮುಂದಿನದಕ್ಕೆ ದಾಟಿದರು. ಮೂರನೆಯ ದಿನ ಶಾಲೆ ಬಿಟ್ಟೊಡನೆ ಕೋಡಿಯ ಬಸ್ಸು ಹತ್ತಿದರು.

ಬಾಗಿಲಲ್ಲಿ ಅವರನ್ನು ಕಂಡು ಜಲಜ ಎದ್ದು ಬಂದರು. ತಾವೇ ಹೋಗಬೇಕಿತ್ತೆಂದು ಅವರಿಗೆ ನಾಚಿಕೆ.

"ನೀವ್ ಬಪ್ದಲ್ಲ ಟೀಚರೇ, ನಾವ್ ಬರ್ಕಿತ್ತ್. ಬಪ್ಕೆ ಮುಖ ಇಲ್ಲೆ."

"ನಾನ್ ಹಾಜರಿ ಕೇಂಬುಕೆ ಬಂದದ್," ಎಂದರು ಟೀಚರ್. "ನಾಳೆ ನಿಶ್ಮಿತಾ ಶಾಲಿಗ್ ಬರ್ಕ್."

ಒಳಗೆ ಕುಳಿತಿದ್ದ ಹುಡುಗಿಯ ಅಳು ಕೇಳಿಸಿತು. ಟೀಚರ್ ಒಳಹೋಗಲಿಲ್ಲ, ನೀರು ಕೊಟ್ಟರೆ ಕುಡಿಯಲೂ ಇಲ್ಲ. ಅಂದು ತಾನು ಯಾರನ್ನೂ ಕ್ಷಮಿಸಿರಲಿಲ್ಲ, ಕ್ಲಾಸ್ ಟೀಚರ್ ಮಾಡಬೇಕಾದ್ದನ್ನಷ್ಟೇ ಮಾಡಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮರುದಿನ ನಿಶ್ಮಿತಾ ಶಾಲೆಗೆ ಬಂದಳು.

ಆ ಭಾನುವಾರ ಆರಾಧನೆಯ ಬಳಿಕ ಸಭೆ ಸೇರಿತು. ಜಲಜರಿಂದ ಯಾರೂ ಮೀನು ಕೊಳ್ಳಬಾರದೆಂದು ತೀರ್ಮಾನಿಸಬೇಕೆಂಬುದು ಸಭಾ ಹಿರಿಯರಾದ ವಿಲ್ಫ್ರೆಡ್ ಕರ್ಕಡರ ಮಾತು. "ಇಷ್ಟೂ ಮಾಡದಿದ್ರೆ ಸಾಮುವೆಲಣ್ಣಂಗೆ ನಾವ್ ಎಂತ ಮಾಡ್ದಂಗಾಯ್ತ್?" ಎಂದು ಅವರು ಕೇಳಿದರು. ಸಾಮುವೆಲರ ಬಾಲ್ಯದ ಗೆಳೆಯ ಅವರು. ಆ ಸಿಟ್ಟಿನಲ್ಲಿ ದುಃಖವೇ ಹೆಚ್ಚಿತ್ತು.

ಹೆಂಗಸರ ಸಾಲಿನಿಂದ ಟೀಚರ್ ಎದ್ದು ನಿಂತರು.

"ರಂಜನನ ತಪ್ಪಿಗೆ ಕೋರ್ಟ್ ಇತ್ತ್. ಜಲಜಕ್ಕ ಎಂತ ತಪ್ಪ್ ಮಾಡಿದ್ರ್? ನಾಳೆ ಮೀನಿಗ್ ನಾನ್ ಅವ್ರ ಹತ್ರವೇ ಹೋತೆ. ಬಪ್ಪವ್ರ್ ಬನ್ನಿ."

ಅಂದು ತೀರ್ಮಾನ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಹನ್ನೊಂದು ಮಂದಿ ಹೆಂಗಸರು ಅವರೊಡನೆ ಮಾರ್ಕೆಟ್ಟಿಗೆ ನಡೆದರು. ಹನ್ನೆರಡನೆಯವರಾಗಿ, ಎಲ್ಲರಿಗಿಂತ ಹಿಂದೆ, ಬಟ್ಟೆಯ ಚೀಲ ಹಿಡಿದು ಬಂದವರು ವಿಲ್ಫ್ರೆಡ್ ಕರ್ಕಡರು. ಜಲಜ ಒಳ್ಳೆಯ ಬಂಗುಡೆ ಮೀನುಗಳನ್ನು ಆರಿಸಿ ಆ ಚೀಲಕ್ಕೆ ಹಾಕಿದರು. ಕರ್ಕಡರು ಹಣ ಕೊಟ್ಟು ತಲೆ ಬಗ್ಗಿಸಿ ಹಿಂತಿರುಗಿದರು.

ಮುಂದಿನದು ನಿಧಾನವಾಗಿ ಆದದ್ದು. ಕೋಡಿಯ ಹಿರಿಯ ಮೀನುಗಾರ ಬಚ್ಚ ಅವರೂ ಕರ್ಕಡರೂ ಚರ್ಚಿನ ಜಗಲಿಯಲ್ಲಿ ಕುಳಿತು ಎರಡೂ ಕಡೆಯ ಯುವಕರನ್ನು ಕರೆಸಿ ಮಾತಾಡಿಸಿದರು. ಹೆದ್ದಾರಿಯಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸಾಗಿಸುವ ತಂಡವೊಂದು ಅಲ್ಲಿಯೇ ಹುಟ್ಟಿತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಇಂದಿಗೂ ಆ ತಂಡ ಓಡುತ್ತಿದೆ. ರಂಜನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿ ಶಿಕ್ಷೆ ಅನುಭವಿಸಿದ. ಬಿಡುಗಡೆಯಾದ ಮೇಲೆ ಸ್ಟಿಯರಿಂಗ್ ಮುಟ್ಟಲಿಲ್ಲ, ಐಸ್ ಕಾರ್ಖಾನೆಗೆ ಸೇರಿದ. ತಂಡದ ವಾಹನದಲ್ಲಿ ಅವನ ಜಾಗ ಹಿಂಭಾಗದಲ್ಲಿ, ಗಾಯಾಳುವಿನ ತಲೆ ಹಿಡಿದುಕೊಂಡು. ನಿಶ್ಮಿತಾ ಇಂದು ಬ್ರಹ್ಮಾವರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾರೆ.

ಬೀಳ್ಕೊಡುಗೆಯ ದಿನ ಭಾಷಣಗಳೆಲ್ಲ ಮುಗಿದು ಊಟಕ್ಕೆ ಎಲೆ ಹಾಕುವಾಗ ರಂಜನ್ ಟೀಚರ್ ಬಳಿ ಬಂದು ನಿಂತ.

"ಟೀಚರೇ, ಇಷ್ಟ್ ವರ್ಷ ಕೇಂಬುಕೆ ಧೈರ್ಯ ಬರ್ಲಿಲ್ಲ. ನೀವ್ ನನ್ನ ಕ್ಷಮಿಸಿದ್ರಿಯಾ?"

ಟೀಚರ್ ಅವನ ಕಡೆ ತಿರುಗಿದರು. "ದಿನಾ ಬೆಳಿಗ್ಗೆ ಕ್ಷಮಿಸ್ತೆ ರಂಜನ್. ಕೆಲವ್ ದಿನ ಸಂಜಿ ಒಳ್ಗೆ ಮತ್ತೆ ಸಿಟ್ ಬತ್ತ್. ಮರುದಿನ ಪುನಃ ಸುರು ಮಾಡ್ತೆ. ಕೂತ್ಕೊ, ಊಟ ಮಾಡ್." ತಮ್ಮ ಪಕ್ಕದ ಕುರ್ಚಿಯನ್ನು ಅವರೇ ಎಳೆದು ಕೊಟ್ಟರು.

ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಎಡವಿದ ಮಕ್ಕಳಿಗೆ ಕೋಡಿಯಲ್ಲಿ ಪ್ರತಿ ಶನಿವಾರ ಪಾಠ ಹೇಳುವುದೆಂದು ಟೀಚರ್ ಈಗಾಗಲೇ ನಿಶ್ಚಯಿಸಿದ್ದಾರೆ. ಆ ಕೆಲಸಕ್ಕೆ ಬೇಕಾದ ಆರೋಗ್ಯವನ್ನೂ ದೀರ್ಘಾಯುಷ್ಯವನ್ನೂ ದೇವರು ಅವರಿಗೆ ಧಾರಾಳವಾಗಿ ಕೊಡಲಿ. ಪುನಃ ಸುರು ಮಾಡುವ ಬೆಳಗುಗಳು ಅವರಿಗೆ ಸಾವಿರಾರು ದೊರೆಯಲಿ. ಅವರನ್ನು ನೋಡಿ ಕಲಿಯುವುದು ನಮಗಿನ್ನೂ ಬಹಳ ಉಳಿದಿದೆ.